ಹುಡುಗೂರು ಯಾಕ ನಿಲ್ಲಂಗಿಲ್ಲ?

ಹುಬ್ಬಳ್ಳಿ-ಧಾರವಾಡದ ಡೆಂಟಲ್ ಕ್ಲಿನಿಕ್ ಮಾಲೀಕರು ನಾಲ್ಕು ಮಂದಿ ಕೂಡಿದರೆ ಒಂದೇ ಮಾತು: "ಈಗಿನ ಹುಡುಗೂರು ನಿಲ್ಲಂಗಿಲ್ರೀ. ಕೈ ಕುಂದ್ರೂದ್ರಾಗ ಬಿಟ್ಟು ಹೊಕ್ಕಾರ." ಡಾಕ್ಟರ್‌ಗಳ ಬರ ಇದೆ ಅಂತಲ್ಲ. ಸತ್ತೂರಿನ ಎಸ್‌ಡಿಎಂ ದಂತ ಕಾಲೇಜು ಶುರುವಾಗಿದ್ದೇ 1986ರಲ್ಲಿ, ಓದಿದವರು ಊರ ತುಂಬ ಇದ್ದಾರೆ. ಬರುತ್ತಾರೆ, ನಿಲ್ಲೋದಿಲ್ಲ.

ಪಗಾರ ಕಡಿಮೆ, ಖರೆ. ಬೇರೆಯವರ ಕ್ಲಿನಿಕ್‌ನಲ್ಲೇ ದುಡಿಯುತ್ತಾ ಬಂದ ನನ್ನ ಅನಿಸಿಕೆ ಏನಂದ್ರೆ, ಪಗಾರಕ್ಕಿಂತ ಮೊದಲು ಮನಸ್ಸು ಮುರಿಯೋದು ಪೇಷಂಟ್ ನಮ್ಮವರಾಗಿ ಉಳಿಯದೇ ಇದ್ದಾಗ.

ನವಲಗುಂದ ಕಡೆಯ ರೈತರೊಬ್ಬರು ಬಂದಿದ್ದರು. ಗುಟ್ಕಾ ತಿಂದು ತಿಂದು ಬಾಯಿ ಬಿಗಿದುಹೋಗಿತ್ತು. ಆರೋಗ್ಯವಂತರ ಬಾಯಲ್ಲಿ ಮೂರು ಬೆರಳು ಉದ್ದಕ್ಕೆ ಹಿಡಿಯಬೇಕು, ಇವರಿಗೆ ಎರಡೂ ಸಲೀಸಾಗಿ ಹೋಗಲಿಲ್ಲ. ನೋವಿದ್ದದ್ದು ಮೇಲಿನ ಹಿಂದಿನ ದವಡೆ ಹಲ್ಲಿಗೆ. ಕನ್ನಡಿ ಮಂಜಾಗ್ತದೆ, ನಾಳ ಸ್ವಚ್ಛ ಮಾಡೋ ಸೂಜಿಯಂಥ ಫೈಲ್ ಒಳಗೆ ತಿರುಗೋದಿಲ್ಲ, ಕುತ್ತಿಗೆ ಸೊಟ್ಟ ಮಾಡಿಕೊಂಡು ಬೇರಿನ ನಾಳ ಹುಡುಕಿ ನೋವು ಇಳಿಸಿ ಕಳಿಸಿದೆ. ಮುಂದಿನ ವಾರ ನೋಡಿದರೆ ಅವರ ಹೆಸರು 'ಸರ್' ಪಟ್ಟಿಗೆ, ಅಂದರೆ ಮಾಲೀಕರ ಪೇಷಂಟ್‌ಗಳ ಪಟ್ಟಿಗೆ ಹೋಗಿತ್ತು. ನಾಳ ತುಂಬಿದ್ದು ವಾರಕ್ಕೊಮ್ಮೆ ಬರೋ ಸ್ಪೆಷಲಿಸ್ಟ್, ಕ್ಯಾಪ್ ಕೂರಿಸಿದ್ದು ಮಾಲೀಕರು. ನಡುವೆ ಎದುರಾದಾಗ ಅಜ್ಜಾರು, "ಯವ್ವಾ, ಖಡಕ್ ರೊಟ್ಟಿ ತಿನ್ನಾಕತ್ತೀನಿ ನೋಡು" ಅಂದರು. ಆ ಮಾತು ಒಂದು ತಿಂಗಳು ಕೆಲಸಕ್ಕೆ ಬಂತು. ಆದರೆ ಅದು ಕಿವಿಗೆ ಬಿದ್ದದ್ದೂ ಅದೃಷ್ಟವೇ, ಅವತ್ತು ನಾನು ಹೊರಗೆ ಚಹಾಕ್ಕೆ ನಿಂತಿದ್ದೆ.

ಇನ್ನು ಪರ್ಸೆಂಟೇಜ್ ಲೆಕ್ಕ, ಅಂದರೆ ಪೇಷಂಟ್ ಕೊಟ್ಟ ಫೀಸಿನಲ್ಲಿ ನಮಗೆ ಸಿಗೋ ಪಾಲು. ಮೊದಲು ಕ್ಯಾಪ್ ಮಾಡಿಕೊಡೋ ಲ್ಯಾಬ್‌ನ ಬಿಲ್ ಕಳೀರಿ, ಆಮೇಲೆ ಮಟೀರಿಯಲ್ ಖರ್ಚು. ಮಾಲೀಕರು ತಮ್ಮ ಬೀಗರಿಗೆ ಕೊಟ್ಟ ರಿಯಾಯಿತಿಯೂ ನಮ್ಮ ಪಾಲಿನಿಂದಲೇ. ಕ್ಯಾಪ್ ಕಿತ್ತು ಬಂದರೆ ಪುಕ್ಕಟೆ ಮತ್ತೆ ಮಾಡೋರು ಯಾರು? ಕೇಳಬೇಡಿ. ಹಲ್ಲಿನ ಕೆಲಸಕ್ಕೆ ಬಹುತೇಕ ಇನ್ಶೂರೆನ್ಸ್ ಇಲ್ಲ, ಪೇಷಂಟ್ ಜೇಬಿನಿಂದಲೇ ಕೊಡಬೇಕು, ಚೌಕಾಸಿ ಆಗೇ ಆಗ್ತದೆ. ಆದರೆ ಅದರ ಹೊರೆ ಯಾವಾಗಲೂ ಒಂದೇ ಹೆಗಲ ಮೇಲೆ ಬೀಳಬೇಕಾ?

ಅಸಿಸ್ಟಂಟ್ ಹುಡುಗಿಯರ ಬಗ್ಗೆಯಂತೂ ಯಾರೂ ಬಾಯಿ ಬಿಡೋದಿಲ್ಲ. ಮುಂದಿನ ಫೈಲ್ ಯಾವುದು ಅಂತ ನಾನು ಹೇಳೋದರೊಳಗೆ ಕೈಗಿಡುತ್ತಿದ್ದವಳು ದುರ್ಗದಬೈಲಿನ ಬಟ್ಟೆ ಅಂಗಡಿಗೆ ಹೋದಳು. ಅಲ್ಲಿ ಪಗಾರ ಅಷ್ಟೇ, ರಕ್ತ-ಉಗುಳು ತೊಳೆಯೋದಿಲ್ಲ.

ಧಾರವಾಡದಲ್ಲಿ ನನ್ನ ಗೆಳತಿಯೊಬ್ಬಳು ಒಂದೇ ಕ್ಲಿನಿಕ್‌ನಲ್ಲಿ ಬೇರು ಬಿಟ್ಟಿದ್ದಾಳೆ. ಅವಳ ಮಾಲೀಕರೇನೂ ದಾನಶೂರ ಕರ್ಣ ಅಲ್ಲ, ಗ್ಲೌಸ್ ಎಣಿಸಿ ಕೊಡೋ ಆಸಾಮಿ. ಆದರೆ ಅವಳು ಶುರು ಮಾಡಿದ ಹಲ್ಲನ್ನು ಅವಳೇ ಮುಗಿಸ್ತಾಳೆ, ಅವಳ ಹಳೇ ಪೇಷಂಟ್ ಬಂದರೆ ಅವಳಿಗೇ ಚೀಟಿ. "ದೊಡ್ಡ ಡಾಕ್ಟರ್ ಇಲ್ಲೇನ್ರೀ?" ಅಂತ ಯಾರಾದರೂ ಕೇಳಿದರೆ ಆ ಮನುಷ್ಯ ಅವಳ ಕಡೆ ಕೈ ತೋರಿಸಿ, "ಅವ್ರ ಅದಾರಲ್ರೀ" ಅಂತಾರೆ. ಲ್ಯಾಬ್ ಬಿಲ್ ಅರ್ಧರ್ಧ ಅನ್ನೋದನ್ನ ಸೇರುವಾಗಲೇ ಬರೆದು ಕೊಟ್ಟಿದ್ದರಂತೆ. ಬೆಂಗಳೂರಿನಿಂದ ಹೆಚ್ಚಿನ ಪಗಾರಕ್ಕೆ ಕರೆ ಬಂದಾಗ ಅವಳು ಹೋಗಲಿಲ್ಲ.