ರೆಕಾರ್ಡ್ ರೂಮಿನ ಗಂಟುಗಳು

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅಜ್ಜನ ಕಾಲದ ಮ್ಯುಟೇಶನ್ (ಜಮೀನಿನ ಹಕ್ಕು ಬದಲಾದ ದಾಖಲೆ) ನಕಲು ಕೇಳಿದರೆ ಮತ್ತದೇ ಉತ್ತರ: ‘ಕಡತ ಸಿಗ್ತಿಲ್ಲ, ಮುಂದಿನ ವಾರ ಬನ್ನಿ.’ ಸಿಗೋದಾದರೂ ಹೇಗೆ? ಕೆಂಪು ಬಟ್ಟೆಯ ಗಂಟುಗಳನ್ನು ನೆಲದ ಮೇಲೇ ಒಟ್ಟಿದ್ದಾರೆ. ಗೋಡೆಯೆಲ್ಲ ತೇವ, ಅಡಿಯ ಗಂಟಿಗೆ ಗೆದ್ದಲು. ಹಾಳೆ ಮುಟ್ಟಿದರೆ ಅಂಚು ಪುಡಿಪುಡಿ. ಹೋಬಳಿ, ಗ್ರಾಮ, ವರ್ಷ ಬರೆದ ಒಂದು ಚೀಟಿಯೂ ಇಲ್ಲ. ಕಡತಗಳನ್ನು ವಿಂಗಡಿಸಿ ಸೂಚಿ ಮಾಡಿಡಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನೇ ಹೇಳುತ್ತದೆ. ಪಹಣಿ ಕಂಪ್ಯೂಟರಿಗೆ ಬಂತು, ಸರಿ. ಆದರೆ ಹಳೇ ವ್ಯಾಜ್ಯ ಕೋರ್ಟಿಗೆ ಹೋದರೆ ಕೇಳೋದು ಈ ಕಾಗದವನ್ನೇ. ನೆಲದಿಂದ ಒಂದಡಿ ಮೇಲೆ ಕಬ್ಬಿಣದ ರ‍್ಯಾಕು, ಗ್ರಾಮವಾರು ಜೋಡಣೆ, ಬಾಗಿಲ ಬಳಿ ಒಂದು ಸೂಚಿ ರಿಜಿಸ್ಟರು, ಇಷ್ಟು ಮಾಡೋಕೆ ಏನು ಕಷ್ಟ ಸ್ವಾಮಿ? ವಯಸ್ಸಾದವರು ಕೂಲಿ ಬಿಟ್ಟು, ಬಸ್ಸು ಹಿಡಿದು ಬಂದು ಬರಿಗೈಲಿ ವಾಪಸ್ಸು ಹೋಗೋದು ನೋಡಿದರೆ ಹೊಟ್ಟೆ ಉರಿಯುತ್ತೆ.