ಭಂಗಾರದ ಮಹಾಪ್ರಾಣ

ಕಲಬುರಗಿಯ ಕಡೆ ಹಳೆಯ ಕಬ್ಬಿಣಕ್ಕೆ ಭಂಗಾರ ಎನ್ನುತ್ತಾರೆ. ಬೆಂಗಳೂರಿನವರು ಗುಜರಿ ಎನ್ನುವುದು ಇದನ್ನೇ. ಚಿನ್ನಕ್ಕೂ ಇದಕ್ಕೂ ನಮ್ಮಲ್ಲಿ ಇರುವ ಅಂತರ ಒಂದು ಮಹಾಪ್ರಾಣದ್ದು ಮಾತ್ರ. ನನ್ನ ಸೋದರಮಾವ ಅಫಜಲಪುರದ ಕಡೆಯ ಹೊಲವೊಂದರ ಬದುವಿನ ಮೇಲೆ ಬಿದ್ದಿದ್ದ ಹಳೆಯ ಮಿಲಿಟರಿ ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದ ದಿನ, ಅತ್ತೆ ಬಾಗಿಲಲ್ಲಿ ನಿಂತು, "ನಾ ಕೇಳಿದ್ದು ಬಂಗಾರ, ನೀವು ತಂದದ್ದು ಭಂಗಾರ" ಎಂದರು. ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ಅಷ್ಟು ಸ್ಪಷ್ಟವಾಗಿ ಉಚ್ಚರಿಸಿದ್ದನ್ನು ನಾನು ನಮ್ಮ ಕನ್ನಡ ಮೇಷ್ಟ್ರ ಬಾಯಲ್ಲೂ ಕೇಳಿರಲಿಲ್ಲ.

ಜೀಪು ಎಂದು ಕರೆಯಲು ಆಗ ಅದರಲ್ಲಿ ಉಳಿದಿದ್ದದ್ದು ಕಡಿಮೆ. ನೆಲದ ತಗಡು ತಿಂದುಹೋಗಿತ್ತು. ಹಿಂದಿನ ಸೀಟಿನ ಜಾಗದಲ್ಲಿ ಕೋಳಿ ಮೊಟ್ಟೆಯಿಟ್ಟಿದ್ದ ಗುರುತುಗಳಿದ್ದವು. ಆದರೆ ಮಾವ ಎಲ್ಲಕ್ಕಿಂತ ಮೊದಲು ಮುಂದಿನ ಜಾಲರಿಯ ಸೀಳುಗಳನ್ನು ಎಣಿಸಿದರು. ಒಂಬತ್ತು. ಯುದ್ಧ ಮುಗಿದ ಮೇಲೆ ಜನಸಾಮಾನ್ಯರಿಗಾಗಿ ಮಾಡಿದ ಜೀಪಿಗೆ ಏಳೇ ಸೀಳು. ಒಂಬತ್ತಿದ್ದರೆ ಅದು ಯುದ್ಧಕಾಲದ್ದು. ಮುಂದಿನ ಎರಡು ವಾರ ಅವರು ಸೀಮೆಎಣ್ಣೆಯ ಬಟ್ಟಲು, ತಂತಿಯ ಬ್ರಷ್ಷು ಹಿಡಿದು ಶಹಾಬಾದಿ ಫರಸಿಯ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಒಂದೊಂದೇ ಬೋಲ್ಟಿನ ತಲೆಯನ್ನು ಉಜ್ಜಿದರು. ಫೋರ್ಡ್ ಕಂಪನಿ ತಾನು ಮಾಡಿದ ಜೀಪಿನ ಬೋಲ್ಟುಗಳ ತಲೆಯ ಮೇಲೂ ತನ್ನ ಹೆಸರಿನ ಮೊದಲ ಅಕ್ಷರವನ್ನು ಒತ್ತುತ್ತಿತ್ತು. ಅಂಥವು ಹನ್ನೊಂದು ಸಿಕ್ಕವು. ಉಳಿದವು ಯಾವ ಯಾವ ಊರಿನ ಯಾವ ಯಾವ ಮಿಸ್ತ್ರಿಗಳ ಡಬ್ಬಿಯಿಂದ ಬಂದವೋ ಹೇಳುವವರಿರಲಿಲ್ಲ. ಆದರೂ ಆ ದಿನ ಮನೆಯಲ್ಲಿ ಗೋಧಿ ಹುಗ್ಗಿಯಾಯಿತು.

ಈ ಗಾಡಿಯ ಹುಟ್ಟೇ ಅವಸರದ್ದು. 1940ರ ಬೇಸಿಗೆಯಲ್ಲಿ ಅಮೆರಿಕದ ಸೇನೆ, ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಮುಟ್ಟುವ ಹಗುರವಾದ ಗಾಡಿಯೊಂದು ಬೇಕೆಂದು ಕಂಪನಿಗಳನ್ನು ಕೇಳಿತು. ಬಾಂಟಮ್ ಎಂಬ ಚಿಕ್ಕ ಕಂಪನಿ 49 ದಿನಗಳಲ್ಲಿ ಮಾದರಿಯನ್ನು ಮಾಡಿ ತಂದು ನಿಲ್ಲಿಸಿತು. ದೊಡ್ಡ ಪ್ರಮಾಣದ ಕೆಲಸ ಮಾತ್ರ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾಯಿತು. 1945ರ ಹೊತ್ತಿಗೆ ಅವೆರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದ್ದವು. ನಲವತ್ತೊಂಬತ್ತು ದಿನಗಳಲ್ಲಿ ಹುಟ್ಟಿದ ವಸ್ತುವನ್ನು ರಿಪೇರಿ ಮಾಡಲು ನನ್ನ ಮಾವನಿಗೆ ನಾಲ್ಕು ವರ್ಷ ಹಿಡಿಯಿತು ಎಂಬುದನ್ನು ಅತ್ತೆಯ ಎದುರು ಹೇಳಬಾರದು.

ಹಾಗೆಂದು ಅವಸರದಲ್ಲಿ ಬುದ್ಧಿ ಕೆಟ್ಟಿರಲಿಲ್ಲ. ಮುಂದಿನ ದೀಪಗಳನ್ನು ಹಿಂದಕ್ಕೆ ಮಗುಚಿದರೆ ಅವು ಎಂಜಿನ್ನಿನ ಮೇಲೆಯೇ ಬೆಳಕು ಚೆಲ್ಲುತ್ತವೆ. ಕತ್ತಲಲ್ಲಿ ಕೆಟ್ಟರೆ ಬ್ಯಾಟರಿ ಹಿಡಿದು ನಿಲ್ಲಲು ಇನ್ನೊಬ್ಬ ಬೇಕಿಲ್ಲ. ಪೆಟ್ರೋಲಿನ ಟ್ಯಾಂಕು ಚಾಲಕನ ಸೀಟಿನ ಕೆಳಗೇ ಇದೆ. ಗುಂಡು ಹಾರುವ ಕಡೆ ಪೆಟ್ರೋಲಿನ ಮೇಲೆ ಕುಳಿತು ಹೋದವರನ್ನು ನೆನೆದರೆ, ನಮ್ಮ ಮಾವ ಎಣ್ಣೆ ಹಾಕಿಸುವಾಗಲೆಲ್ಲ ಸೀಟೆತ್ತಿ ಇಳಿಯಬೇಕೆಂದು ಗೊಣಗುವುದು ಸಣ್ಣದಾಗಿ ಕಾಣುತ್ತದೆ.

ಮೊದಲ ಜಗಳ ನಡೆದದ್ದು ಎಡಗಡೆಯ ಗಾಲಿಯ ನಟ್ಟಿನ ಜೊತೆಗೆ. ನೆರೆಮನೆಯ ಹುಡುಗರಿಬ್ಬರು ಪಾನಾಕ್ಕೆ ಕಬ್ಬಿಣದ ಪೈಪು ತೂರಿಸಿ, ಅದರ ಮೇಲೆ ಹತ್ತಿ ನಿಂತು ಜಗ್ಗಿದರೂ ನಟ್ಟು ಅಲುಗಲಿಲ್ಲ. ಮೂರನೆಯ ಜಗ್ಗಿಗೆ ಸ್ಟಡ್ಡೇ ಕಟಕ್ಕನೆ ಮುರಿಯಿತು. ಆಮೇಲೆ ಕರೆಸಿದ ಉಸ್ತಾದ್ ಬಂದು, ಮೇಲೆ ಮೆತ್ತಿದ ಮಣ್ಣನ್ನು ಉಗುರಿನಿಂದ ಕೆರೆದು ನೋಡಿ, "ಸಾಹೇಬ್ರ, ಈ ಬಾಜೂದು ಉಲ್ಟಾ ಚೂಡಿ ಅದರಿ. ನೀವು ಬಿಚ್ಚಲಾಕತ್ತಿಲ್ಲ, ಬಿಗಿ ಮಾಡ್ಲಾಕತ್ತೀರಿ" ಎಂದ. ಗಾಲಿ ಮುಂದಕ್ಕೆ ಉರುಳುವ ರಭಸಕ್ಕೆ ನಟ್ಟು ತಾನಾಗಿ ಸಡಿಲವಾಗಬಾರದೆಂದು ಎಡಗಡೆಯ ಗಾಲಿಗಳಿಗೆ ತಿರುವುಮುರುವಾದ ಮರೆ, ಅಂದರೆ ತಿರುಪಿನ ಸುತ್ತು, ಹಾಕಿರುತ್ತಾರೆ. ಇದು ಗೊತ್ತಿಲ್ಲದವನ ಬಲವೆಲ್ಲ ಬಿಗಿಯುವುದಕ್ಕೇ ಖರ್ಚಾಗುತ್ತದೆ.

ಹಿಂದಿನ ಮಾಲೀಕ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸಿದ್ದ. ಮಾವ ಅದನ್ನು ಇಳಿಸಿ, ಹೈದರಾಬಾದಿನ ಭಂಗಾರದ ಓಣಿಗಳಲ್ಲಿ ಅಲೆದು, ಅರವತ್ತು ಅಶ್ವಶಕ್ತಿಯ ನಾಲ್ಕು ಸಿಲಿಂಡರಿನ ಹಳೆಯ ಎಂಜಿನ್ ಒಂದನ್ನು ಹುಡುಕಿ ತಂದರು. 'ಒರಿಜಿನಲ್' ಎಂಬ ಮಾತು ಅವರ ನಾಲಿಗೆಯ ಮೇಲೆ ಕುಳಿತದ್ದು ಆಗಲೇ. ಹಿಂಭಾಗದ ಮೂಲೆಯ ಸಾಮಾನಿನ ಗೂಡನ್ನು ಕೆರೆಯುವಾಗ ತುಕ್ಕಿನ ಪುಡಿಯ ಜೊತೆಗೆ ಒಂದು ಹಿಡಿ ತೊಗರಿ ಉದುರಿತು. ಕಪ್ಪಾಗಿ, ಹುಳು ಕೊರೆದು, ಗುಂಡಿನ ಚೂರುಗಳಂತೆ ಗಟ್ಟಿಯಾಗಿತ್ತು. ಹಿಂದುಗಡೆ ಎರಡೂ ಬದಿಗೆ ಯಾರೋ ಬೆಸುಗೆ ಹಾಕಿಸಿದ್ದ ಕಬ್ಬಿಣದ ಚೌಕಟ್ಟೂ ಇತ್ತು. ಚೀಲಗಳನ್ನು ಪೇರಿಸಿ ಕಟ್ಟಲು ಮಾಡಿದ್ದು. ಯುದ್ಧಕ್ಕೆ ಹೋಗಿದ್ದು ಎಷ್ಟು ದಿನವೋ, ಈ ಗಾಡಿ ತನ್ನ ಆಯುಷ್ಯದ ಬಹುಪಾಲು ಕಲಬುರಗಿಯ ಮಂಡಿಗೆ ತೊಗರಿ ಹೊತ್ತಿದೆ ಎಂಬುದು ನನಗೆ ಆ ಕ್ಷಣವೇ ಖಾತ್ರಿಯಾಯಿತು. ಮಾವ ಒರಿಜಿನಲ್ ಅಲ್ಲವೆಂದು ಚೌಕಟ್ಟನ್ನು ಗ್ಯಾಸಿನಲ್ಲಿ ಕತ್ತರಿಸಿ ಹಿತ್ತಲಿಗೆ ಎಸೆಸಿದರು. ತೊಗರಿಯನ್ನು ನಾನು ಕಾಗದದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡೆ.

ಬಣ್ಣದ ಹಂತದಲ್ಲಿ ಒರಿಜಿನಲ್ ಎಂಬುದು ಕಾನೂನಿಗೆ ಡಿಕ್ಕಿ ಹೊಡೆಯಿತು. ಮಿಲಿಟರಿ ಗಾಡಿಯ ಹಸಿರನ್ನು, ಅಂದರೆ ಆಲಿವ್ ಗ್ರೀನನ್ನು, ರಕ್ಷಣಾ ಇಲಾಖೆಯ ವಾಹನಗಳ ಹೊರತು ಬೇರೆ ಯಾವ ವಾಹನಕ್ಕೂ ಬಳಿಯಕೂಡದೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿದೆ. ಸೇನೆಯ ಗಾಡಿಯನ್ನು ಸೇನೆಯ ಗಾಡಿಯಂತೆ ಕಾಣಿಸುವುದು ಒಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಮಾಡಬಹುದು! ಕೊನೆಗೆ ಮಣ್ಣಿನ ಬಣ್ಣವೆಂದು ತೀರ್ಮಾನವಾಯಿತು. ಪೇಂಟರ್ ಮಿರಮಿರ ಮಿಂಚುವಂತೆ ಹೊಡೆಯುತ್ತೇನೆಂದ. ಹೊಳೆದರೆ ಶತ್ರುವಿಗೆ ಕಾಣುತ್ತದೆ, ಮಂಕಾಗಿಯೇ ಇರಬೇಕೆಂದು ಮಾವ ಹಟ ಹಿಡಿದರು. ಕೆಲಸ ಮುಗಿದು ಮೂರು ದಿನವಾದ ಮೇಲೂ ಅತ್ತೆ, ಬಣ್ಣ ಯಾವಾಗ ಹಚ್ಚುತ್ತಾರೆಂದು ವಿಚಾರಿಸುತ್ತಿದ್ದರು.

ಕಾಗದಪತ್ರಗಳ ಕಥೆಯನ್ನು ಬಿಡುತ್ತೇನೆ. ಐವತ್ತು ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಬಂದ ನಿಯಮದ ಪ್ರಕಾರ ಬೇರೆಯೇ ನೋಂದಣಿ ಸರಣಿಯಿದೆ. ಹೊಸದಾಗಿ ಮಾಡಿಸಿದರೆ ಶುಲ್ಕ 20,000 ರೂಪಾಯಿ. ಪ್ರದರ್ಶನ, ರ‍್ಯಾಲಿ, ಎಣ್ಣೆ ಹಾಕಿಸುವುದು, ರಿಪೇರಿ ಇಷ್ಟಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಸಂತೆಗೆ ಹೋಗುವಂತಿಲ್ಲ. ತೊಗರಿ ಹೊತ್ತ ಜೀಪಿಗೆ ಇದಕ್ಕಿಂತ ದೊಡ್ಡ ನಿವೃತ್ತಿ ಯಾವುದು?

ಮೆರವಣಿಗೆಯ ದಿನ ತಾನಾಗಿಯೇ ಗೊತ್ತಾಗಿತ್ತು: ಸೆಪ್ಟೆಂಬರ್ 17, ನಿಜಾಮನ ಹೈದರಾಬಾದ್ ಸಂಸ್ಥಾನದಿಂದ ನಮ್ಮ ಭಾಗದ ವಿಮೋಚನೆಯ ದಿನ. 1948ರ ಸೆಪ್ಟೆಂಬರ್ 13ರಂದು ಸೊಲ್ಲಾಪುರದ ಕಡೆಯಿಂದ ಹೊರಟ ಭಾರತದ ಸೇನೆ ನಳದುರ್ಗ, ಉಮರ್ಗಾ ದಾಟಿ ಮರುದಿನ ಈಗಿನ ಬೀದರ್ ಜಿಲ್ಲೆಯ ರಾಜೇಶ್ವರಕ್ಕೆ ಬಂದಿತ್ತು. 17ರಂದು ಬೀದರನ್ನು ಹೊಕ್ಕಿತ್ತು. ಅದನ್ನು ಪೊಲೀಸ್ ಕಾರ್ಯಾಚರಣೆ ಎಂದು ಕರೆದರೂ ಬಂದದ್ದು ಶರ್ಮನ್ ಟ್ಯಾಂಕುಗಳು. ತಮ್ಮ ಜೀಪೂ ಅದೇ ದಾರಿಯಲ್ಲಿ ಬಂದಿರಬಹುದೆಂಬುದು ಮಾವನ ಆಸೆ. ಆಧಾರ ಕೇಳಿದರೆ ಹನ್ನೊಂದು ಬೋಲ್ಟು ತೋರಿಸುತ್ತಾರೆ. ಊರಿನ ಇನ್ನೂ ಮೂವರು ಹಳೆ ಜೀಪಿನವರು ಜೊತೆಗೂಡಿದರು. ಅವರಲ್ಲೊಬ್ಬರು ಬಾನೆಟ್ಟಿನ ಮೇಲೆ ಬಿಳಿಯ ನಕ್ಷತ್ರ ಬರೆಸಿಕೊಂಡಿದ್ದರು. ಅದು ಅಮೆರಿಕದ ಸೇನೆಯ ಗುರುತು. ಹೈದರಾಬಾದಿಗೆ ಅಮೆರಿಕ ಬಂದಿರಲಿಲ್ಲವಲ್ಲ ಎಂದು ಹೇಳಲು ಹೋಗಿ ನಾನು ಸುಮ್ಮನಾದೆ.

ಮುಂಗಾಜನ್ನು ಬಾನೆಟ್ಟಿನ ಮೇಲೆ ಮಲಗಿಸಿ, ಸಣ್ಣ ತಿರಂಗವೊಂದನ್ನು ಕಟ್ಟಿ, ನಾಲ್ಕು ಜೀಪುಗಳು ಒಂದರ ಹಿಂದೊಂದು ಪಟೇಲ್ ವೃತ್ತದತ್ತ ಹೊರಟವು. ಗುಡ್ಡ ಕೆಸರು ದಾಟಲು ಹುಟ್ಟಿದ ಗಾಡಿಗೆ ಮೆರವಣಿಗೆಯಂಥ ಶಿಕ್ಷೆ ಬೇರೆ ಇಲ್ಲ. ಮೊದಲ ಗೇರಿನಲ್ಲಿ ತೆವಳುತ್ತ, ಗಾಳಿಯಾಡದೆ, ಎಂಜಿನ್ನಿನ ಕಾವಿಗೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗುತ್ತದೆ. ಪಂಪು ಆವಿಯನ್ನು ಎಳೆಯಲಾರದೆ ಕೈಚೆಲ್ಲುತ್ತದೆ. ವೃತ್ತ ಇನ್ನೂ ದೂರವಿರುವಾಗಲೇ ನಮ್ಮದು ಎರಡು ಸಲ ಕೆಮ್ಮಿ ನಿಂತಿತು. ಉಸ್ತಾದ್ ಚಹಾದ ಅಂಗಡಿಯಿಂದ ಒದ್ದೆ ಬಟ್ಟೆ ಇಸಿದುಕೊಂಡು ಪಂಪಿಗೂ ಕೊಳವೆಗೂ ಸುತ್ತಿದ. ಇನ್ನು ಕಾಯುವುದೇ ಕೆಲಸ.

ಸುತ್ತ ಸೇರಿದ ಹುಡುಗರು ಫೋಟೋ ತೆಗೆದರು. ಮಾವ ಒಂಬತ್ತು ಸೀಳುಗಳನ್ನು ಎಣಿಸಿ ತೋರಿಸಿದರು. ಆಗ ಪಟಗಾ ಸುತ್ತಿದ ಮುದುಕರೊಬ್ಬರು ಜಾಲರಿಯನ್ನು ನೋಡದೆ ನೇರವಾಗಿ ಹಿಂಭಾಗಕ್ಕೆ ಹೋಗಿ, ಬಗ್ಗಿ, ಕತ್ತರಿಸಿದ ಬೆಸುಗೆಯ ಕಲೆಯ ಮೇಲೆ ಹೆಬ್ಬೆರಳಾಡಿಸಿದರು. ಅದಕ್ಕೂ ಬಣ್ಣ ಬಳಿದಿತ್ತು, ಆದರೂ ಅವರ ಕೈಗೆ ಸಿಕ್ಕಿತು. "ಚೀಲ ಕಟ್ಟೋ ಚೌಕಟ್ಟು ಎಲ್ಲಿ ಹೋತು? ಇದ್ರಾಗ ಒಂಬತ್ತು ಚೀಲ ಹಿಡೀತಿದ್ದವಲ್ಲಪಾ" ಎಂದರು. ಒಂಬತ್ತು ಎಂಬ ಸಂಖ್ಯೆಗೆ ಮಾವ ತಲೆಯೆತ್ತಿದರು, ಆದರೆ ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಜೀಪು ಹತ್ತಿಕೊಂಡಿತು.

ಮರುದಿನ ಬೆಳಿಗ್ಗೆ ಅವರು ಹಿತ್ತಲಿಗೆ ಹೋಗಿ ಚೌಕಟ್ಟನ್ನು ಹುಡುಕಿದರು. ಅದು ಗೋಡೆಗೆ ಒರಗಿ ನಿಂತಿತ್ತು. ಅತ್ತೆ ಅದರ ಮೇಲೆ ಹೀರೇಕಾಯಿ ಬಳ್ಳಿ ಹಬ್ಬಿಸಿದ್ದರು, ಕಾಯಿಗಳು ಜೋತುಬಿದ್ದಿದ್ದವು. ಬಳ್ಳಿ ಒಣಗುವ ತನಕ ಯಾರೂ ಮುಟ್ಟಕೂಡದೆಂಬುದು ಆಕೆಯ ಕರಾರು.