ಫ್ಲೆಕ್ಸು, ಜರಿ ಲಕ್ಷ್ಮಿ, ಲ್ಯಾನ್ಸ್‌ಡೌನ್ ಗೋಡೆ

ಮೈಸೂರಿಂದ ಮಂಡ್ಯಕ್ಕೆ ಹೋಗೋ ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಇಮೇಜ್ ಬ್ಲೆಂಡಿಂಗಿನ, ಅಂದರೆ ಚಿತ್ರಕ್ಕೆ ಚಿತ್ರ ಬೆರೆಸೋ ಕಲೆಯ ಪಾಠ ಬಿಟ್ಟಿಯಾಗಿ ಆಗುತ್ತೆ. ಯಾವ ಸರ್ಕಲ್ ಬಂದರೂ ಹುಟ್ಟುಹಬ್ಬದ ಫ್ಲೆಕ್ಸು. ಮಧ್ಯದಲ್ಲಿ ಅಣ್ಣನವರು ಕೈಮುಗಿದು ನಿಂತಿರ್ತಾರೆ. ಅವರ ಎಡಭುಜ ಕರಗುತ್ತಾ ಹೋಗಿ ಚಾಮುಂಡಿ ಬೆಟ್ಟದ ಗೋಪುರವಾಗುತ್ತೆ, ಬಲಭುಜ ಕಬ್ಬಿನ ಗದ್ದೆಯಾಗುತ್ತೆ, ಮೋಡದೊಳಗಿಂದ ದೊಡ್ಡ ನಾಯಕರು ಆಶೀರ್ವಾದ ಮಾಡ್ತಿರ್ತಾರೆ, ಕೆಳಗೆ ಶುಭ ಕೋರುವವರ ಪಾಸ್‌ಪೋರ್ಟ್ ಸೈಜಿನ ಮುಖಗಳ ಸಾಲು. ನಗೋರು ನಗಲಿ. ರಾತ್ರಿ ಆರ್ಡರ್ ತಗೊಂಡು ಬೆಳಗಾಗೋದರೊಳಗೆ ಮುಗಿಸಿಕೊಡೋ ಆ ಡಿಟಿಪಿ ಹುಡುಗರಿಗೆ ಯಾರ ಮುಖ ಎಷ್ಟು ದೊಡ್ಡದಿರಬೇಕು, ಯಾರ ಪಕ್ಕ ಯಾರನ್ನ ಇಟ್ಟರೆ ಗಲಾಟೆ ಆಗುತ್ತೆ ಅನ್ನೋದು ನಮ್ಮಂಥ ಹವ್ಯಾಸಿಗಳಿಗಿಂತ ಚೆನ್ನಾಗಿ ಗೊತ್ತು. ನನ್ನ ತಕರಾರು ಒಂದೇ. ಕಂಡ ಕಂಡ ಅಂಚಿಗೆಲ್ಲ ಫೆದರ್ (ಅಂಚನ್ನ ಮಸುಕು ಮಾಡೋ ಸವಲತ್ತು) ಕೊಟ್ಟು ಕರಗಿಸಿಬಿಡ್ತಾರೆ. ಒಂದು ಎಲ್ಲಿ ಮುಗೀತು, ಇನ್ನೊಂದು ಎಲ್ಲಿ ಶುರುವಾಯ್ತು ಅನ್ನೋದೇ ಗೊತ್ತಾಗಲ್ಲ.

ಅವರನ್ನ ಆಡಿಕೊಳ್ಳೋ ಮನೆ ಕಲಾವಿದರೂ ಮಾಡೋದು ಅದನ್ನೇ. ಜಲವರ್ಣದ ಮೇಲೊಂದು ಫೋಟೋ, ಅದರ ಮೇಲೆ ಹಳೇ ಕಾಗದದ ಟೆಕ್ಸ್ಚರು, ಎಲ್ಲಕ್ಕೂ ಓವರ್‌ಲೇ ಅನ್ನೋ ಒಂದೇ ರೆಡಿಮೇಡ್ ಬೆರಕೆ, ಮುಗೀತು. ನೋಡೋಕೆ ಚೆಂದವಾಗೇ ಇರುತ್ತೆ. ಆದರೆ ಹತ್ತು ಜನ ಮಾಡಿದ ಹತ್ತು ಚಿತ್ರ ಪಕ್ಕಪಕ್ಕ ಇಟ್ಟರೆ ಯಾವುದು ಯಾರದು ಅಂತ ಅವರಿಗೇ ಗೊತ್ತಾಗಬಾರದು, ಹಾಗಿರುತ್ತೆ.

ಭಾನುವಾರ ಊಟ ಆದಮೇಲೆ ನಮ್ಮ ಸರಸ್ವತಿಪುರಂ ಮನೆಯ ಡೈನಿಂಗ್ ಟೇಬಲ್ಲು ನನ್ನದು. ಒಂದು ಕಡೆ ಆಕ್ರಿಲಿಕ್ ಟ್ಯೂಬು, ಇದ್ದಿಲು, ಗೋಂದು. ಇನ್ನೊಂದು ಕಡೆ ಲ್ಯಾಪ್‌ಟಾಪು, ಅದರಲ್ಲಿ ಕ್ರಿಟಾ, ಚಿತ್ರ ಬಿಡಿಸೋಕೆ ಇರೋ, ದುಡ್ಡು ಕೇಳದ ಸಾಫ್ಟ್‌ವೇರು. ಬಂದ ನೆಂಟರೆಲ್ಲ ಕೇಳೋ ಪ್ರಶ್ನೆ ಒಂದೇ: 'ಇದು ಕೈಯಲ್ಲಿ ಮಾಡಿದ್ದಾ, ಕಂಪ್ಯೂಟರಲ್ಲಿ ಮಾಡಿದ್ದಾ?' ಕೈಯಲ್ಲಿ ಅಂದರೆ ಮರ್ಯಾದೆ, ಕಂಪ್ಯೂಟರಲ್ಲಿ ಅಂದರೆ 'ಓ ಹಾಗಾ'. ಈಗೀಗ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ, 'ಎಐ ಮಾಡಿಕೊಡ್ತಾ?' ಅದಕ್ಕೆ ನಾನು ಉತ್ತರ ಕೊಡೋದನ್ನ ನಿಲ್ಲಿಸಿದ್ದೀನಿ. ಬೆರಳ ಸಂದಿಯ ಬಣ್ಣ ತೋರಿಸ್ತೀನಿ, ಅಷ್ಟೆ.

ಬೆರಕೆ ಅನ್ನೋದು ಇವತ್ತಿನದಲ್ಲ. ನಮ್ಮ ಮೈಸೂರು ಶೈಲಿಯ ಚಿತ್ರಗಳನ್ನೇ ನೋಡಿ. ಹಲಗೆ, ಹಲಗೆಗೆ ಅಂಟಿಸಿದ ಹಾಳೆ, ಹುಣಸೆ ಕಡ್ಡಿ ಸುಟ್ಟ ಇದ್ದಿಲಲ್ಲಿ ರೇಖೆ, ಬಿಳಿ ಪುಡಿಯನ್ನ ಗೋಂದಲ್ಲಿ ಕಲಸಿ ಒಡವೆಗೂ ಕಿರೀಟಕ್ಕೂ ಉಬ್ಬು ಕೆಲಸ, ಅದರ ಮೇಲೆ ಚಿನ್ನದ ರೇಕು, ಆಮೇಲೆ ಬಣ್ಣ. ತಂಜಾವೂರಿನವರಷ್ಟು ಎತ್ತರಕ್ಕೆ ಉಬ್ಬಿಸಲ್ಲ, ಮೆಲ್ಲಗೆ ಬೆರಳಾಡಿಸಿದರೆ ಗೊತ್ತಾಗೋಷ್ಟು. 2005ರಲ್ಲಿ ಭೌಗೋಳಿಕ ಸೂಚ್ಯಂಕ (ಜಿಐ ಟ್ಯಾಗ್) ಸಿಕ್ಕ ಈ 'ಶುದ್ಧ' ಸಂಪ್ರದಾಯವನ್ನ ಇವತ್ತು ಯಾರಾದರೂ ಹೊಸದಾಗಿ ಶುರುಮಾಡಿದ್ದರೆ ನಾವು ಅದನ್ನ ಮಿಕ್ಸ್ಡ್ ಮೀಡಿಯಾ, ಅಂದರೆ ಹಲವು ಸಾಮಗ್ರಿಗಳ ಬೆರಕೆ ಅಂತಲೇ ಕರೀತಿದ್ವಿ.

ಇನ್ನೂ ಹತ್ತಿರದ ಉದಾಹರಣೆ ನಮ್ಮತ್ತೆ ದೇವರ ಮನೆಯಲ್ಲಿದೆ. ರವಿವರ್ಮನ ಲಕ್ಷ್ಮಿಯ ಹಳೇ ಪ್ರಿಂಟು, ಸೀರೆಗೆ ಜರಿ, ಚಮಕಿ, ಮಣಿ ಅಂಟಿಸಿರೋದು. ಹಳೇ ಮನೆಗಳಲ್ಲಿ ಇಂಥವು ಬೇಕಾದಷ್ಟು ಇದ್ದವು. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಶುರುಮಾಡಿದ ಮೇಲೆ ದೇವರು ಮನೆಮನೆಗೆ ಬಂದ, ಬಂದವನಿಗೆ ಹೆಂಗಸರು ಬಟ್ಟೆ ತೊಡಿಸಿದರು. ಒಂದ್ಸಲ ಗಾಜು ಒರೆಸೋಕೆ ಅಂತ ಕೆಳಗಿಳಿಸಿದಾಗ ಹತ್ತಿರದಿಂದ ನೋಡ್ದೆ. ಜರಿಯನ್ನ ಸುಮ್ಮನೆ ಮೆತ್ತಿಲ್ಲ. ಪ್ರಿಂಟಿನಲ್ಲಿ ನೆರಿಗೆ ಎಲ್ಲಿ ಬಿದ್ದಿದೆಯೋ ಅಲ್ಲೇ ಕತ್ತರಿಸಿ, ನೆರಿಗೆಯ ನೆರಳಿನ ಜಾಗದಲ್ಲಿ ಸಣ್ಣ ಬಿರುಕು ಬಿಟ್ಟಿದ್ದಾರೆ. ಆ ಬಿರುಕಲ್ಲಿ ಕಲ್ಲಚ್ಚಿನ ಕೆಂಪು ಇಣುಕುತ್ತೆ. ಜರಿ ಕಪ್ಪಿಟ್ಟಿದೆ. ಮುಖ, ಕೈ, ತಾವರೆ ಯಾವುದಕ್ಕೂ ಕೈ ಹಚ್ಚಿಲ್ಲ. ಅತ್ತೆ ಹೇಳಿದರು, 'ಮುಖ ಮಾತ್ರ ಅಂಗಡೀದು ಕಣಮ್ಮ, ಸೀರೆ ನಮ್ಮಮ್ಮ ಉಡಿಸಿದ್ದು.'

ಆ ಮುದುಕಿಗೆ ಫೆದರ್ ಗೊತ್ತಿರಲಿಲ್ಲ, ಗೊತ್ತಿದ್ದರೂ ಬಳಸ್ತಿರಲಿಲ್ಲ ಅಂತ ನನ್ನ ನಂಬಿಕೆ. ಬಟ್ಟೆ ಬಟ್ಟೆಯಾಗೇ ಇದೆ, ಅಚ್ಚು ಅಚ್ಚಾಗೇ ಇದೆ. ಎರಡೂ ಸೇರೋ ಗೆರೆ ಎದ್ದು ಕಾಣುತ್ತೆ. ಚಿತ್ರ ನಿಂತಿರೋದು ಆ ಗೆರೆಯ ಮೇಲೆ.

ಅಂದಹಾಗೆ, ಆ ಪ್ರಿಂಟೂ ಪದರಗಳದ್ದೇ. ಕಲ್ಲಚ್ಚಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು, ಒಂದರ ಮೇಲೊಂದು ಒತ್ತಬೇಕು. ಕಂಪ್ಯೂಟರಿನ ಲೇಯರು ಅಂತ ನಾವು ಬೀಗೋದಕ್ಕಿಂತ ಬಹಳ ಮುಂಚೆ. ಪಿಕ್ಸೆಲ್ಲುಗಳನ್ನ ಒಂದರ ಮೇಲೊಂದು ಇಡೋ ಲೆಕ್ಕವನ್ನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಪ್ರಬಂಧವಾಗಿ ಬರೆದದ್ದು 1984ರಲ್ಲಿ. ಫೋಟೋಶಾಪಿಗೆ ಲೇಯರು ಬಂದದ್ದು 1994ರಲ್ಲಿ.

ಲೆಕ್ಕ ಅಂದರೆ ಹೆದರಬೇಡಿ. ಒಂದು ಪದರವನ್ನ ಇನ್ನೊಂದಕ್ಕೆ ಬೆರೆಸೋ ವಿಧಾನಗಳಲ್ಲಿ ಮಲ್ಟಿಪ್ಲೈ ಒಂದನ್ನ ಅರ್ಥ ಮಾಡಿಕೊಂಡರೆ ಮನೆಯಲ್ಲಿ ಮಾಡೋ ಮುಕ್ಕಾಲು ಕೆಲಸ ಆಗಿಹೋಗುತ್ತೆ. ಕಂಪ್ಯೂಟರಿಗೆ ಕಪ್ಪು ಅಂದರೆ 0, ಬಿಳಿ ಅಂದರೆ 255. ಮೇಲಿನ ಪದರದ ಸಂಖ್ಯೆಯನ್ನ ಕೆಳಗಿನದಕ್ಕೆ ಗುಣಿಸಿ 255ರಿಂದ ಭಾಗಿಸುತ್ತೆ. 128ರ ಬೂದು ಮೇಲೆ 128ರ ಬೂದು ಇಟ್ಟರೆ 64 ಬರುತ್ತೆ, ಕತ್ತಲಾಗುತ್ತೆ. ಬಿಳಿ ಇಟ್ಟರೆ ಕೆಳಗಿದ್ದದ್ದು ಹಾಗೇ ಉಳಿಯುತ್ತೆ. ಅದಕ್ಕೇ ಬಿಳಿ ಹಾಳೆ ಮೇಲೆ ಬಣ್ಣ ಚೆಲ್ಲಿ ಸ್ಕ್ಯಾನ್ ಮಾಡಿ ಫೋಟೋ ಮೇಲೆ ಮಲ್ಟಿಪ್ಲೈಗೆ ಇಟ್ಟರೆ ಹಾಳೆ ಮಾಯವಾಗಿ ಕಲೆ ಮಾತ್ರ ನಿಲ್ಲುತ್ತೆ. ತೆಳು ಜಲವರ್ಣ ಒಣಗಿದ ಮೇಲೆ ಇನ್ನೊಂದು ತೆಳು ಪದರ ಎಳೆದಾಗ ಆಗೋದೂ ಹೆಚ್ಚು ಕಡಿಮೆ ಇದೇ. ಪ್ರತಿ ಪದರವೂ ಬೆಳಕನ್ನ ಕಡಿಮೆ ಮಾಡುತ್ತೆ, ಜಾಸ್ತಿ ಮಾಡೋ ಪದರ ಇಲ್ಲ. ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ನಿಂತಾಗ ಇದನ್ನ ನೆನಪಿಸಿಕೊಳ್ಳಿ. ಅದು ಜಲವರ್ಣ, ಎಸ್. ಎಲ್. ಹಳದಂಕರ್ ಅವರದು, 1945-46ರ ಕಾಲದ್ದು. ಪಕ್ಕದಲ್ಲಿ ನಿಂತೋರು ಯಾರಾದರೂ 'ರವಿವರ್ಮನದು, ಆಯಿಲ್ ಪೇಂಟಿಂಗು' ಅಂತ ಮಕ್ಕಳಿಗೆ ಹೇಳ್ತಿರ್ತಾರೆ, ಮೆಲ್ಲಗೆ ತಿದ್ದಿ. ಜಲವರ್ಣದಲ್ಲಿ ಬೆಳಕು ಅನ್ನೋದು ಹಚ್ಚೋದಲ್ಲ, ಬಿಡೋದು. ಹಾಗಾಗಿ ನಾನು ಕಂಪ್ಯೂಟರಲ್ಲಿ ಕೂತಾಗಲೂ ಮೊದಲು ಎಲ್ಲಿ ಏನೂ ಇಡಬಾರದೋ ಆ ಜಾಗವನ್ನ ಮರೆಮಾಡಿ ಮಾಸ್ಕ್ ಮಾಡಿಕೊಳ್ತೀನಿ, ಪದರ ಆಮೇಲೆ.

ಸದ್ಯಕ್ಕೆ ನನ್ನ ತಲೆ ಹೊಕ್ಕಿರೋದು ನಮ್ಮ ಮೈಸೂರಿನ ಲ್ಯಾನ್ಸ್‌ಡೌನ್ ಬಿಲ್ಡಿಂಗು. 1892ರ ಕಟ್ಟಡ. 2012ರಲ್ಲಿ ಒಂದು ಭಾಗ ಕುಸಿದು ನಾಲ್ಕು ಜನ ಹೋದರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ತುದಿಯೂ ಬಿತ್ತು. ಉಳಿಸಬೇಕೋ ಕೆಡವಬೇಕೋ ಅಂತ ನಾವೆಲ್ಲ ವಾದ ಮಾಡಿ ಸುಸ್ತಾದ್ವಿ. ಕೆಳಗಿನ ಸೆಕೆಂಡ್‌ಹ್ಯಾಂಡ್ ಪುಸ್ತಕದಂಗಡಿಗಳಲ್ಲಿ ಪಠ್ಯಪುಸ್ತಕಕ್ಕೆ ಚೌಕಾಸಿ ಮಾಡಿದ ನನ್ನಂಥೋರಿಗೆ ಆ ಕಮಾನುಗಳು ಬರೀ ಪಾರಂಪರಿಕ ಕಟ್ಟಡ ಅಲ್ಲ. ಸೆಪಿಯಾ ಟೋನ್ ಹಾಕಿ, ಅಂಚು ಕರಗಿಸಿ, 'ನೆನಪುಗಳು' ಅಂತ ಬರೆದರೆ ಲೈಕು ಬರುತ್ತೆ. ನನಗೆ ಅದು ಬೇಡ. ಕುಸಿದ ಕಟ್ಟಡದ ಚಿತ್ರದಲ್ಲಿ ಬಿರುಕನ್ನ ಮುಚ್ಚೋದು ಒಂಥರಾ ಸುಳ್ಳು ಸಾಕ್ಷಿ.

ಮಾಡೋದು ಹೀಗೆ. ದಪ್ಪ ಹಾಳೆಗೆ ಟೆಕ್ಸ್ಚರ್ ಪೇಸ್ಟು, ಅದಕ್ಕೆ ಜರಡಿ ಹಿಡಿದ ಇಟ್ಟಿಗೆ ಪುಡಿ ಸೇರಿಸಿ ಗಾರೆ ಗೋಡೆ ಹಾಗೆ ಎಳೀತೀನಿ. ಒಣಗಿದ ಮೇಲೆ ಸ್ಕ್ಯಾನು, 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿ. ಎ4 ಹಾಳೆ 2480ಕ್ಕೆ 3508, ಅಂದರೆ ಹತ್ತಿರ ಹತ್ತಿರ 87 ಲಕ್ಷ ಪಿಕ್ಸೆಲ್. ಹಳೇ ಲ್ಯಾಪ್‌ಟಾಪಿಗೆ ಐದಾರು ಲೇಯರು ಆದಮೇಲೆ ಏದುಸಿರು ಬರುತ್ತೆ. ಫೋಟೋ ಜೊತೆ ಬೆರೆಸಿ, ಬೇಡದ್ದನ್ನ ಕಿತ್ತು, ಲೇಸರ್ ಪ್ರಿಂಟ್ ತೆಗೆಸ್ತೀನಿ. ಇಂಕ್‌ಜೆಟ್ ಬೇಡ, ಅದರ ಶಾಯಿ ಸಾಮಾನ್ಯವಾಗಿ ನೀರು ಬಿದ್ದರೆ ಹರಡುತ್ತೆ. ಲೇಸರ್ ಪ್ರಿಂಟರಿನ ಟೋನರು ಶಾಖಕ್ಕೆ ಕರಗಿ ಅಂಟಿದ ಪ್ಲಾಸ್ಟಿಕ್ ಪುಡಿ, ನೀರಿಗೆ ಜಗ್ಗಲ್ಲ. ಪ್ರಿಂಟ್ ಕೊಡೋ ಮುಂಚೆ ಚಿತ್ರವನ್ನ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿರಬೇಕು. ಇಲ್ಲದಿದ್ದರೆ ಅಂಗಡಿ ಬೋರ್ಡುಗಳೆಲ್ಲ ಉಲ್ಟಾ ಅಕ್ಷರದಲ್ಲಿ ನಿಲ್ತವೆ.

ಆಮೇಲಿನದು ನನಗೆ ಬಹಳ ಇಷ್ಟದ ಕೆಲಸ. ಇಟ್ಟಿಗೆ ಬಣ್ಣ ಹಚ್ಚಿದ ಬೋರ್ಡಿಗೆ ಆಕ್ರಿಲಿಕ್ ಜೆಲ್ ಬಳಿದು, ಪ್ರಿಂಟನ್ನ ಮಗುಚಿ ಒತ್ತಿ, ಗಾಳಿ ಗುಳ್ಳೆ ಉಳಿಯದಂತೆ ಹಳೇ ಎಟಿಎಂ ಕಾರ್ಡಲ್ಲಿ ಎಳೆದು, ರಾತ್ರಿಯೆಲ್ಲ ಒಣಗೋಕೆ ಬಿಡೋದು. ಬೆಳಗ್ಗೆ ಕಾಗದದ ಬೆನ್ನಿಗೆ ನೀರು ಚಿಮುಕಿಸಿ ಬೆರಳ ತುದಿಯಲ್ಲಿ ಉಜ್ಜಬೇಕು. ಕಾಗದ ಸಣ್ಣ ಸಣ್ಣ ಸುರುಳಿಯಾಗಿ ಏಳುತ್ತಾ ಒಳಗಿಂದ ಕಮಾನು ಕಾಣುತ್ತೆ. ಪೂರ್ತಿ ಬಂತು ಅಂದುಕೊಂಡು ಒಣಗೋಕೆ ಬಿಟ್ಟರೆ ಮತ್ತೆ ಬೆಳ್ಳಗಾಗುತ್ತೆ, ಇನ್ನೂ ನಾರು ಉಳಿದಿದೆ ಅಂತ ಅರ್ಥ. ಮತ್ತೆ ಒದ್ದೆ ಮಾಡಿ ಉಜ್ಜಬೇಕು. ಜಾಸ್ತಿ ಉಜ್ಜಿದರೆ ಚಿತ್ರವೇ ಕಿತ್ತು ಬರುತ್ತೆ. ಕಿತ್ತು ಬಂದ ಜಾಗವನ್ನ ನಾನು ಮುಚ್ಚಲ್ಲ. ಅಲ್ಲಿ ಕೆಳಗಿನ ಇಟ್ಟಿಗೆ ಬಣ್ಣ ಕಾಣುತ್ತಲ್ಲ, ಕಂಪ್ಯೂಟರಲ್ಲಿ ಯಾವ ಬ್ರಷ್ ಹಿಡಿದರೂ ಆ ಅಂಚು ಬರಲ್ಲ. ಅದರ ಸುತ್ತ ಬೇಕಾದರೆ ಇದ್ದಿಲಲ್ಲಿ ಒಂದು ಗೆರೆ, ಕಮಾನಿನ ಒಳಗಿನ ಕತ್ತಲಿಗೆ ಕೈಯಿಂದಲೇ ನೀಲಿ. ಜೆಲ್ ದುಬಾರಿ ಅಂತ ಫೆವಿಕಾಲ್ ಬಳಸೋರಿಗೆ ಒಂದು ಮಾತು: ಬಿಳಿ ಫೆವಿಕಾಲ್ ಒಣಗಿದ ಮೇಲೂ ನೀರಿಗೆ ಮೆತ್ತಗಾಗುತ್ತೆ, ಉಜ್ಜೋ ಹೊತ್ತಿಗೆ ಚಿತ್ರ ಸಮೇತ ಜಾರುತ್ತೆ.

ಬೆಸುಗೆ ಕಾಣಬಾರದು ಅನ್ನೋ ಹಟವೂ ಹಳೇದೇ. 1857ರಲ್ಲಿ ಇಂಗ್ಲೆಂಡಿನಲ್ಲಿ ಆಸ್ಕರ್ ರೇಲಾಂಡರ್ ಅನ್ನೋರು ಮೂವತ್ತರಷ್ಟು ನೆಗೆಟಿವ್‌ಗಳನ್ನ ಜೋಡಿಸಿ ಒಂದೇ ದೊಡ್ಡ ಫೋಟೋ ಮಾಡಿದರು, ಎಲ್ಲರೂ ಒಂದೇ ವೇದಿಕೆ ಮೇಲೆ ನಿಂತಂತೆ. ಕಸುಬು ದೊಡ್ಡದು, ಒಪ್ಪಿಕೊಳ್ತೀನಿ. ಮನಸ್ಸಿಗೆ ಹತ್ತಿರವಾಗೋದು ಮಾತ್ರ ಕಲಾವಿದ ವಿವಾನ್ ಸುಂದರಂ ಅವರ ಕೆಲಸ. ತಾತ ಉಮ್ರಾವ್ ಸಿಂಗ್ ತೆಗೆದಿದ್ದ ಫೋಟೋಗಳನ್ನ ಕಂಪ್ಯೂಟರಲ್ಲಿ ಬೆರೆಸಿ, ದೊಡ್ಡಮ್ಮನಾದ ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಮತ್ತು ಮನೆಯವರನ್ನ ಬೇರೆ ಬೇರೆ ಕಾಲದಿಂದ ತಂದು ಒಂದೇ ಕೋಣೆಯಲ್ಲಿ ನಿಲ್ಲಿಸಿದರು. ಅಲ್ಲೂ ಅಂಚು ನುಣುಪಾಗೇ ಇದೆ. ಆದರೆ ವಯಸ್ಸುಗಳು ಹೊಂದಲ್ಲ, ನೋಡೋರಿಗೆ ಏನೋ ಸರಿಯಿಲ್ಲ ಅನ್ನಿಸ್ತಾನೇ ಇರುತ್ತೆ. ನುಣುಪು ಮಾಡೋದಾದರೆ ಹಾಗೆ ಮಾಡಬೇಕು, ಒಳಗೊಂದು ಮುಳ್ಳು ಇಟ್ಟು.

ಮಾರಾಟದ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಕಟ್ಟುನಿಟ್ಟು. ಕ್ಯಾನ್ವಾಸಿನ ಮೇಲೆ ಪ್ರಿಂಟ್ ತೆಗೆಸಿ, ಮೇಲೆ ನಾಲ್ಕು ಕಡೆ ಪಾರದರ್ಶಕ ಜೆಲ್ ಎಳೆದು, ಬ್ರಷ್ ಗುರುತು ಮೂಡಿಸಿ 'ಒರಿಜಿನಲ್' ಅಂತ ಮಾರೋದನ್ನ ಕಣ್ಣಾರೆ ನೋಡಿದ್ದೀನಿ. ಬೆರಕೆ ತಪ್ಪಲ್ಲ, ಬೆರಕೆ ಅಂತ ಹೇಳದೇ ಇರೋದು ತಪ್ಪು. ಚಿತ್ರದ ಹಿಂಭಾಗದಲ್ಲಿ ನಾನು ಪೆನ್ಸಿಲಲ್ಲಿ ಬರೀತೀನಿ: ಎಷ್ಟು ಭಾಗ ಫೋಟೋ, ಪ್ರಿಂಟ್ ಯಾವ ಬಗೆಯದು, ಕೈಯಿಂದ ಯಾವ ಬಣ್ಣ, ಇದೊಂದೇ ಪ್ರತಿಯೋ ಇನ್ನೂ ಇವೆಯೋ. ಕಟ್ಟು ಹಾಕೋ ಅಂಗಡಿಯವರು ಅದರ ಮೇಲೆ ಬ್ರೌನ್ ಪೇಪರ್ ಮೆತ್ತಿಬಿಡ್ತಾರೆ, ಅದಕ್ಕೆ ಈಗ ಪೇಪರಿನ ಮೇಲೆ ಇನ್ನೊಂದ್ಸಲ ಬರೀತೀನಿ. ಕಟ್ಟು ಹಾಕಿಸೋರು ಇನ್ನೊಂದು ನೋಡಿಕೊಳ್ಳಿ: ಆಕ್ರಿಲಿಕ್ ಮೇಲ್ಮೈ ಗಾಜಿಗೆ ತಾಗಿದರೆ ಸೆಕೆಗಾಲದಲ್ಲಿ ಅಂಟಿಕೊಂಡುಬಿಡುತ್ತೆ. ನಡುವೆ ಮೌಂಟ್ ಬೋರ್ಡ್ ಇಡೋಕೆ ಹೇಳಿ. ಅಂಗಡಿಯವರು 'ಏನೂ ಆಗಲ್ಲ ಮೇಡಂ' ಅಂತಾರೆ. ಇಡಿಸಿಯೇ ಬನ್ನಿ.